ವಿಷುವಲ್ ನಾವೆಲ್‌ಗೆ ಮನಸ್ಸು ತಟ್ಟುವ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಂಬಳೆ ಹತ್ತಿರದವನು. ಕೆಲವು ವರ್ಷಗಳಿಂದ ಗೆಳೆಯರು ಮಾಡುವ ವಿಷುವಲ್ ನಾವೆಲ್‌ಗಳಿಗೆ ಮನೆಯಲ್ಲೇ ಕೂತು ಸಂಗೀತ ಮಾಡುತ್ತಿದ್ದೇನೆ. ಕಾಸರಗೋಡು ಬಸ್ಸಿನಲ್ಲಿ, ತಾಳಮದ್ದಳೆ ಮುಗಿದು ಚಾ ಕುಡಿಯುವಾಗ, ವಾಟ್ಸಾಪ್‌ನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಲೂಪ್ ಹತ್ತಿರ, ಅಂದರೆ ಮುಗಿದ ಕೂಡಲೇ ಮತ್ತೆ ತಿರುಗಿ ಬರುವ ಸಂಗೀತದ ಹತ್ತಿರ, ಸಿಕ್ಕಿಹಾಕಿಕೊಂಡವರು ನೇರ ಅಲ್ಲಿಗೇ ಹೋಗಿ.

## ಶುರು ಮಾಡುವವರಿಗೆ

ಈ ವಿಷುವಲ್ ನಾವೆಲ್ ಅಂದ್ರೆ ಎಂತ? ಗೇಮಾ, ಪುಸ್ತಕವಾ?

ಎರಡರ ನಡುವಿನದು. ಪರದೆಯ ಮೇಲೆ ಹಿನ್ನೆಲೆ ಚಿತ್ರ ಇರುತ್ತದೆ, ಅದರ ಮುಂದೆ ಪಾತ್ರಗಳು ನಿಂತಿರುತ್ತವೆ, ಕೆಳಗೆ ಒಂದು ಪೆಟ್ಟಿಗೆಯಲ್ಲಿ ಮಾತು ಬರುತ್ತದೆ. ಕ್ಲಿಕ್ ಮಾಡಿದರೆ ಮುಂದಿನ ಸಾಲು. ಅಲ್ಲಲ್ಲಿ ‘ಹೋಗುವುದಾ, ಇರುವುದಾ’ ಅಂತ ಆಯ್ಕೆ ಸಿಗುತ್ತದೆ, ಅದರ ಪ್ರಕಾರ ಕತೆ ತಿರುಗುತ್ತದೆ. ಜಪಾನಿನಲ್ಲಿ ಬೆಳೆದ ಪ್ರಕಾರ ಇದು. ಓದುವವರ ಕಣ್ಣಲ್ಲಿ ನೀರು ತರಿಸಲಿಕ್ಕೆಂದೇ ಬರೆಯುವ ಕತೆಗಳಿಗೆ ಅಲ್ಲಿ ‘ನಕಿಗೇ’ ಅಂತ ಬೇರೆ ಹೆಸರೇ ಇದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ವೇಷ ಇದೆ, ಕುಣಿತ ಇದೆ. ತಾಳಮದ್ದಳೆಯಲ್ಲಿ ಅದು ಯಾವುದೂ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ, ಭಾಗವತರು ಪದ ಹೇಳುತ್ತಾರೆ, ಉಳಿದದ್ದೆಲ್ಲ ಕೇಳುವವನ ತಲೆಯಲ್ಲೇ ನಡೆಯುತ್ತದೆ. ವಿಷುವಲ್ ನಾವೆಲ್ ಕೂಡ ಹಾಗೇ. ಚಿತ್ರ ಅಲ್ಲಾಡುವುದಿಲ್ಲ, ಮಾತು ಮತ್ತು ಸಂಗೀತವೇ ಎಲ್ಲ ಹೊರಬೇಕು. ಅದಕ್ಕೇ ಇಲ್ಲಿ ಸಂಗೀತ ಮಾಡುವವನ ಜವಾಬ್ದಾರಿ ದೊಡ್ಡದು.

ನಾನು ಸಂಗೀತ ಕಲಿತದ್ದಿಲ್ಲ, ಆಗ್ತದಾ?

ಆಗುತ್ತದೆ. ಒಂದು ಸಾಲು ಗುನುಗಲಿಕ್ಕೆ ಬಂದರೆ ಶುರು ಮಾಡಬಹುದು. ಮೊಬೈಲಿನಲ್ಲಿ ಗುನುಗಿ ರೆಕಾರ್ಡ್ ಮಾಡಿ, ಆಮೇಲೆ ಸಾಫ್ಟ್‌ವೇರಿನ ಪಿಯಾನೋ ರೋಲ್‌ನಲ್ಲಿ, ಅಂದರೆ ಸ್ವರಗಳನ್ನು ಗೆರೆಗಳ ಮೇಲೆ ಇಡುವ ಕಿಟಕಿಯಲ್ಲಿ, ಒಂದೊಂದೇ ಸ್ವರ ಹುಡುಕಿ ಇಡಿ. ಮೊದಲ ಸಲ ಎಂಟು ಸ್ವರಕ್ಕೆ ಒಂದು ಸಂಜೆ ಹೋಗುತ್ತದೆ, ಹೋಗಲಿ. ಚಿಕ್ಕವರಿದ್ದಾಗ ಕರ್ನಾಟಕ ಸಂಗೀತಕ್ಕೆ ಹೋಗಿ ಅರ್ಧಕ್ಕೆ ಬಿಟ್ಟವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಆ ಸರಳೆ, ಜಂಟಿವರಸೆ ಈಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಯಾವ ಸಾಫ್ಟ್‌ವೇರ್ ಹಾಕಿಕೊಳ್ಳುವುದು? ದುಡ್ಡು ಹಾಕದೆ ಆಗುದಿಲ್ವಾ?

ಧಾರಾಳ ಆಗುತ್ತದೆ. ಎಲ್‌ಎಂಎಂಎಸ್ ಪೂರ್ತಿ ಉಚಿತ. ಸ್ಟಾಫ್ ನೊಟೇಶನ್ ಬರೆಯುವವರಿಗೆ ಮ್ಯೂಸ್‌ಸ್ಕೋರ್ ಇದೆ, ಅದೂ ಉಚಿತ. ಆಪಲ್ ಫೋನೋ ಮ್ಯಾಕೋ ಇದ್ದರೆ ಗ್ಯಾರೇಜ್‌ಬ್ಯಾಂಡ್ ಕೈಯಲ್ಲೇ ಇದೆ. ನಾನು ಬಳಸುವುದು ರೀಪರ್. ಅದನ್ನು 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ಸಣ್ಣ ಮಟ್ಟದಲ್ಲಿ ಕೆಲಸ ಮಾಡುವವರಿಗೆ 60 ಡಾಲರ್. ಹಗುರ ಇದೆ, ಹಳೆಯ ಯಂತ್ರದಲ್ಲೂ ಓಡುತ್ತದೆ.

ವಾದ್ಯಗಳಿಗೆ: ಸಲಮಾಂಡರ್ ಗ್ರ್ಯಾಂಡ್ ಪಿಯಾನೋ ಅನ್ನುವುದು ನಿಜವಾದ ಯಮಹಾ ಸಿ5 ಪಿಯಾನೋವನ್ನು ರೆಕಾರ್ಡ್ ಮಾಡಿದ ಉಚಿತ ಸ್ಯಾಂಪಲ್. ವಯಲಿನ್, ಚೆಲ್ಲೋ, ಕೊಳಲಿಗೆ ವಿಎಸ್‌ಸಿಒ 2 ಕಮ್ಯುನಿಟಿ ಎಡಿಷನ್. ಸಿಂಥ್, ಅಂದರೆ ಯಂತ್ರವೇ ಹುಟ್ಟಿಸುವ ಸದ್ದು, ಬೇಕಾದರೆ ಸರ್ಜ್ ಎಕ್ಸ್‌ಟಿ. ದೊಡ್ಡ ಜಾಗದ ಗುಂಯ್ ಬೇಕಾದರೆ ವಾಲ್‌ಹಾಲಾ ಸೂಪರ್‌ಮ್ಯಾಸಿವ್. ಇಷ್ಟರಲ್ಲೇ ಒಂದು ಇಡೀ ನಾವೆಲ್‌ನ ಸಂಗೀತ ಮಾಡಬಹುದು. ಇಂಥ ಹತ್ತು ಪ್ಲಗಿನ್ ಇಳಿಸಿಕೊಂಡು ಒಂದನ್ನೂ ಸರಿಯಾಗಿ ಕಲಿಯದೆ ಇರುವುದಕ್ಕಿಂತ ಒಂದು ಪಿಯಾನೋ ಜೊತೆ ಒಂದು ತಿಂಗಳು ಕೂರುವುದು ಒಳ್ಳೆಯದು.

ಕಂಪ್ಯೂಟರ್ ಹಳೇದು, ನಾಲ್ಕು ಟ್ರ್ಯಾಕ್ ಆದ ಕೂಡ್ಲೆ ಕರಕರ ಅಂತದೆ

ಬಾರಿಸಿ ರೆಕಾರ್ಡ್ ಮಾಡುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಯಾರು ಮಾಡುವ ಸದ್ದಿನ ತುಂಡು) 256 ಇಡಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಆಡಿಯೋ ಆಗಿ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ಆಟೋ ಸೇವ್ ಎರಡು ನಿಮಿಷಕ್ಕೆ ಇಟ್ಟಿರಲಿ, ಜೂನ್‌ನಿಂದ ನಮ್ಮಲ್ಲಿ ಕರೆಂಟಿನ ಕತೆ ಗೊತ್ತಲ್ವಾ.

## ಭಾವ ತರುವುದು

ದುಃಖಕ್ಕೆ ಮೈನರ್ ಕಾರ್ಡ್ ಹಾಕಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಕಾರ್ಡ್ ಅಂದರೆ ಒಟ್ಟಿಗೆ ಬಾರಿಸುವ ಕೆಲವು ಸ್ವರಗಳು. ಬರೀ ಮೈನರ್, ಅಂದರೆ ಬೇಸರದ ಛಾಯೆಯದು, ಹಾಕಿದರೆ ಕೇಳುವವನಿಗೆ ‘ಈಗ ದುಃಖ’ ಅಂತ ಬೋರ್ಡ್ ತೋರಿಸಿದ ಹಾಗೆ ಆಗುತ್ತದೆ. ನಿಜವಾಗಿ ಮನಸ್ಸು ಹಿಂಡುವುದು ಸಂತೋಷ ಮತ್ತು ದುಃಖ ಒಟ್ಟಿಗೆ ಇರುವಾಗ. ಜಪಾನಿನ ಹಾಡುಗಳಲ್ಲಿ ತುಂಬ ಬಳಸುವ ಒಂದು ಕಾರ್ಡ್ ಸಾಲು ಇದೆ, ಸಿ ಮೇಜರ್‌ನಲ್ಲಿ ಹೇಳುವುದಾದರೆ ಎಫ್, ಜಿ, ಇ ಮೈನರ್, ಎ ಮೈನರ್. ಜಿ ಬಂದ ಕೂಡಲೇ ಕಿವಿ ಮನೆಗೆ, ಅಂದರೆ ಸಿಗೆ, ಹೋಗಲಿಕ್ಕೆ ತಯಾರಾಗುತ್ತದೆ. ಆದರೆ ದಾರಿ ಇ ಮೈನರ್ ಕಡೆ ತಿರುಗುತ್ತದೆ. ಆ ಸಿಗದೇ ಹೋದ ಮನೆಯಲ್ಲೇ ಭಾವ ಇರುವುದು. ಒಂದು ಸಲ ಬಾರಿಸಿ ನೋಡಿ.

ವೇಗ ಕೂಡ ನೋಡಿ. ನಿಮಿಷಕ್ಕೆ 60ರಿಂದ 75 ಬೀಟ್ ಒಳಗೆ ಇದ್ದರೆ ಓದುವವನ ಉಸಿರಿಗೆ ಹೊಂದುತ್ತದೆ.

ನಮ್ಮ ರಾಗ ಹಾಕಬಹುದಾ, ಅಲ್ಲ ಜಪಾನಿನ ಹಾಗೇ ಇರಬೇಕಾ?

ಖಂಡಿತ ಹಾಕಿ. ಕತೆ ಮಂಜೇಶ್ವರದಲ್ಲಿ ನಡೆಯುತ್ತಿದ್ದರೆ ಸಂಗೀತ ಮಾತ್ರ ಯಾಕೆ ಟೋಕಿಯೋದಿಂದ ಬರಬೇಕು? ಕೆಲಸ ಸುಲಭ ಆಗಲಿಕ್ಕೆ ಪಾಶ್ಚಾತ್ಯ ಸ್ಕೇಲುಗಳ ಜೊತೆಗಿನ ಈ ನಂಟು ನೆನಪಿಡಿ: ಶಂಕರಾಭರಣದ ಸ್ವರಗಳು ಮೇಜರ್ ಸ್ಕೇಲಿನವು, ನಠಭೈರವಿ ನ್ಯಾಚುರಲ್ ಮೈನರ್, ಕೀರವಾಣಿ ಹಾರ್ಮೋನಿಕ್ ಮೈನರ್, ಖರಹರಪ್ರಿಯ ಡೋರಿಯನ್, ಕಲ್ಯಾಣಿ ಲಿಡಿಯನ್. ಇವಕ್ಕೆ ಕಾರ್ಡ್ ಕೂರಿಸಬಹುದು. ಶುಭಪಂತುವರಾಳಿಯಂಥ ರಾಗಕ್ಕೆ ಕಾರ್ಡ್ ಹಾಕಲಿಕ್ಕೆ ಹೋಗಬೇಡಿ, ಅದರ ನೋವು ಕಾರ್ಡಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಕೆಳಗೆ ತಂಬೂರಿಯ ಹಾಗೆ ಸ ಮತ್ತು ಪ ಹಿಡಿದಿಟ್ಟು ಮೇಲೆ ಒಂದೇ ವಾದ್ಯ ಬಿಡಿ. ಮಗು ಮಲಗುವ ದೃಶ್ಯ ಇದ್ದರೆ ನೀಲಾಂಬರಿ ನಿಮ್ಮ ಹೊಟ್ಟೆಯೊಳಗೇ ಇರುತ್ತದೆ, ಹುಡುಕಬೇಕಾಗಿಲ್ಲ.

ಪಾತ್ರಕ್ಕೊಂದು ಟ್ಯೂನ್ ಅಂತಾರಲ್ಲ, ಅದು ಮಾಡುವುದು ಹೇಗೆ?

ಚಿಕ್ಕದಾಗಿ ಮಾಡಿ. ಐದು ಸ್ವರ ಸಾಕು, ಏಳಕ್ಕಿಂತ ಜಾಸ್ತಿ ಬೇಡ. ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ.

ಗೆಳೆಯನೊಬ್ಬ ಬರೆದ ಕತೆಯಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ ಅಜ್ಜಿ ಹೋದ ಮೇಲೆ ಬದಿಯಡ್ಕ ಕಡೆಯ ತೋಟದ ಮನೆಗೆ ಬರುತ್ತಾಳೆ. ಅಜ್ಜಿಗೆ ನಾನು ಮಾಡಿದ ಟ್ಯೂನ್ ಇಷ್ಟೇ: ಪ ದ ಪ ಗ ರಿ. ಮೋಹನದ ಸ್ವರಗಳು. ಸಿಯನ್ನು ಸ ಅಂತ ಇಟ್ಟರೆ ಜಿ, ಎ, ಜಿ, ಇ, ಡಿ. ರಿಯಲ್ಲೇ ನಿಲ್ಲುತ್ತದೆ, ಸಕ್ಕೆ ಇಳಿಯುವುದಿಲ್ಲ. ಹುಡುಗಿಯ ಬಾಲ್ಯದ ನೆನಪಿನಲ್ಲಿ ಅದು ತಂತಿ ಮೀಟಿದ ಸದ್ದಿನಲ್ಲಿ, 92ರ ವೇಗದಲ್ಲಿ ಬರುತ್ತದೆ. ಆಮೇಲೆ ಖಾಲಿ ಮನೆಯ ದೃಶ್ಯ. ಅಲ್ಲಿ ನಾನು ಹೊಸ ಟ್ಯೂನ್ ಬರೆಯಲಿಲ್ಲ. ಪಿಯಾನೋ ರೋಲ್‌ನಲ್ಲಿ ಗಾಂಧಾರವನ್ನು ಒಂದೇ ಗೆರೆ ಕೆಳಗೆ ಎಳೆದೆ, ಇ ಹೋಗಿ ಇ ಫ್ಲ್ಯಾಟ್ ಆಯಿತು. ಅಂತರ ಗಾಂಧಾರ ಸಾಧಾರಣ ಗಾಂಧಾರ ಆದರೆ ಮೋಹನದ ಸ್ವರಗಳು ಶಿವರಂಜಿನಿಯ ಸ್ವರಗಳಾಗುತ್ತವೆ. ವೇಗ 63ಕ್ಕೆ ಇಳಿಸಿ, ಪಿಯಾನೋದ ಕೆಳಗಿನ ಸ್ಥಾಯಿಗೆ ತಂದೆ. ಓದುವವನಿಗೆ ಬದಲಾದದ್ದು ಏನು ಅಂತ ಗೊತ್ತಾಗುವುದಿಲ್ಲ, ಅಜ್ಜಿ ಇಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಕೊನೆಯ ದೃಶ್ಯದಲ್ಲಿ ಗಾಂಧಾರ ವಾಪಸ್ ಮೇಲೆ ಬರುತ್ತದೆ, ಮತ್ತು ಇಡೀ ಕತೆಯಲ್ಲಿ ಮೊದಲ ಸಲ ರಿ ಆದ ಮೇಲೆ ಸ ಬರುತ್ತದೆ. ಮೂರು ಗಂಟೆ ತಡೆದಿಟ್ಟ ಸ ಅದು. ಅದನ್ನು ನಡುವೆ ಎಲ್ಲಾದರೂ ಖರ್ಚು ಮಾಡಿದ್ದರೆ ಕೊನೆಗೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ನನ್ನ ಪಿಯಾನೋ ಯಂತ್ರ ಬಾರಿಸಿದ ಹಾಗೇ ಕೇಳ್ತದೆ, ಯಾಕೆ?

ಎಲ್ಲ ಸ್ವರಗಳ ವೆಲಾಸಿಟಿ, ಅಂದರೆ ಎಷ್ಟು ಜೋರಾಗಿ ಒತ್ತಿದ್ದು ಅನ್ನುವುದು, ಒಂದೇ ಇರುತ್ತದೆ, ಅದಕ್ಕೆ. ವೆಲಾಸಿಟಿ 1ರಿಂದ 127ರವರೆಗೆ ಇದೆ, ಮೆತ್ತಗಿನ ತುಂಡಿಗೆ 35ರಿಂದ 70ರ ಒಳಗೆ ಓಡಾಡಿಸಿ. ಸಾಲಿನ ನಡುವೆ ಸ್ವಲ್ಪ ಏರಲಿ, ಕೊನೆಯ ಸ್ವರ ಎಲ್ಲಕ್ಕಿಂತ ಮೆತ್ತಗಿರಲಿ. ಎಡಗೈ ಸ್ವರ, ಬಲಗೈ ಸ್ವರ 10–20 ಮಿಲಿಸೆಕೆಂಡ್ ಹಿಂದೆಮುಂದೆ ಬಿದ್ದರೆ ಮನುಷ್ಯರು ಬಾರಿಸಿದ ಹಾಗೆ ಕೇಳುತ್ತದೆ. ಸ್ವರ ಹಿಡಿದಿಡುವ ಪೆಡಲ್ ಅಂದರೆ ಸಾಫ್ಟ್‌ವೇರಿನಲ್ಲಿ ಕಂಟ್ರೋಲರ್ 64, ಕಾರ್ಡ್ ಬದಲಾದಾಗಲೆಲ್ಲ ಅದನ್ನು ಬಿಟ್ಟು ಮತ್ತೆ ಒತ್ತಬೇಕು. ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ. ವಯಲಿನ್, ಚೆಲ್ಲೋಗೆ ಕಂಟ್ರೋಲರ್ 1 ಮತ್ತು 11 (ಸದ್ದಿನ ಏರಿಳಿತ ನಡೆಸುವವು) ಏರಿಳಿಯುತ್ತಲೇ ಇರಲಿ, ಬಿಲ್ಲಿಗೂ ಉಸಿರು ಇದೆ.

ಸಂಗೀತ ಇಲ್ಲದಿದ್ದಾಗ ದೃಶ್ಯ ಚೆನ್ನಾಗಿತ್ತು, ಹಾಕಿದ ಮೇಲೆ ಹಾಳಾಯ್ತು ಅಂತಾರೆ. ನಾನು ಎಲ್ಲಿ ತಪ್ಪಿದೆ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ತುಂಬ ಪ್ರೀತಿ, ಯಾಕಂದರೆ ಇದು ನನಗೂ ಆಗಿದೆ. ಅದೇ ಅಜ್ಜಿ ಕತೆಯಲ್ಲಿ ಹುಡುಗಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆ ತೆಗೆಯುತ್ತಾಳೆ. ಒಳಗೆ ಸುಣ್ಣದ ಡಬ್ಬಿ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಹಳೆಯ ಬಸ್ ಟಿಕೆಟ್. ಮೊಮ್ಮಗಳನ್ನು ನೋಡಲಿಕ್ಕೆ ಅಜ್ಜಿ ಒಬ್ಬಳೇ ಬೆಂಗಳೂರಿಗೆ ಹೋಗಿದ್ದ ದಿನದ್ದು. ನಾನು ಅಲ್ಲಿಗೆ ಪಿಯಾನೋ, ಎರಡು ವಯಲಿನ್, ಚೆಲ್ಲೋ, ಹಿಂದೆ ಕೋರಸ್, ಎಲ್ಲ ಹಾಕಿದ್ದೆ. ಗೆಳೆಯ ಓದಿ ಹೇಳಿದ: “ಓದಲಿಕ್ಕೇ ಬಿಡುದಿಲ್ಲ ಮಾರಾಯ. ನಾನು ಟಿಕೆಟ್ ನೋಡುವ ಮೊದಲೇ ನಿನ್ನ ವಯಲಿನ್ ಅತ್ತು ಮುಗಿಸ್ತದೆ.”

ಆ ರಾತ್ರಿ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಬಂದೆ. ಕೋರಸ್ ಹೋಯಿತು. ಚೆಲ್ಲೋ ಹೋಯಿತು. ವಯಲಿನ್ ಎರಡೂ ಹೋದವು. ಪಿಯಾನೋದ ಎಡಗೈ, ಆಮೇಲೆ ಬಲಗೈ. ಕೊನೆಗೆ ಉಳಿದದ್ದು ಹಂಚಿನ ಮೇಲೆ ಬೀಳುವ ಮಳೆ ಸದ್ದು ಮಾತ್ರ. ಪೆಟ್ಟಿಗೆ ತೆಗೆಯುವ ಸಾಲಿನಿಂದ ಮೂರು ಸಾಲು ಹಾಗೇ ಬಿಟ್ಟೆ. ನಾಲ್ಕನೆಯ ಸಾಲಿಗೆ ಒಂದೇ ಪ, ಮೆತ್ತಗೆ. ಅಷ್ಟೇ ಈಗಲೂ ಇರುವುದು.

ನಮ್ಮ ತೆಂಕುತಿಟ್ಟಿನ ಆಟ ನೋಡಿದವರಿಗೆ ಇದು ಹೊಸತಲ್ಲ. ವೀರ ಬಂದರೆ ಚೆಂಡೆ ಗುಡ್ಡ ನಡುಗಿಸುತ್ತದೆ, ಕರುಣರಸದ ಪದಕ್ಕೆ ಚೆಂಡೆ ಸುಮ್ಮನಾಗುತ್ತದೆ, ಮದ್ದಳೆ ಮಾತ್ರ ಜೊತೆಗಿರುತ್ತದೆ. ಅರ್ಥ ಹೇಳುವಾಗ ಭಾಗವತರೂ ಹಿಂದೆ ಸರಿಯುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕ ಹುಟ್ಟಿಯೂ ಇದನ್ನು ನಾನು ಕಂಪ್ಯೂಟರ್ ಮುಂದೆ ಕೂತು ಮತ್ತೆ ಕಲಿಯಬೇಕಾಯಿತು. ಅಳುವುದು ಓದುವವನ ಕೆಲಸ. ಅವನಿಗೆ ಜಾಗ ಮಾಡಿಕೊಡುವುದು ನಮ್ಮದು. ಮೊದಲು ಕತೆಯನ್ನು ಸಂಗೀತ ಇಲ್ಲದೆ ಒಂದು ಸಲ ಓದಿ, ಎಲ್ಲಿ ಗಂಟಲು ಕಟ್ಟುತ್ತದೋ ಆ ಸಾಲಿಗೆ ಗುರುತು ಹಾಕಿ. ಆ ಸಾಲಿನ ಮೇಲೆ ಏನನ್ನೂ ಇಡಬೇಡಿ.

## ಲೂಪ್, ಫೈಲು, ಸದ್ದು

ಯಾರು ಎಷ್ಟು ಬೇಗ ಓದ್ತಾರೆ ಗೊತ್ತಿಲ್ಲ, ಟ್ರ್ಯಾಕ್ ಎಷ್ಟು ಉದ್ದ ಮಾಡುವುದು?

ಲೆಕ್ಕ ಹಾಕಿ. ದೃಶ್ಯದಲ್ಲಿ 40 ಸಾಲು ಇದ್ದು ಸಾಲಿಗೆ 5 ಸೆಕೆಂಡ್ ಹಿಡಿದರೆ 200 ಸೆಕೆಂಡ್, ಅಂದರೆ 3 ನಿಮಿಷ 20 ಸೆಕೆಂಡ್. ಒಂದೇ ನಿಮಿಷದ ಲೂಪ್ ಇದ್ದರೆ ಮೂರು ಸಲಕ್ಕಿಂತ ಜಾಸ್ತಿ ಕೇಳಬೇಕಾಗುತ್ತದೆ, ಕಿವಿ ಬೇಸರಪಡುತ್ತದೆ. ನಾನು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ನಿಮಿಷ ಇಡುತ್ತೇನೆ. ಲೂಪಿನ ನಡುವೆ ದೊಡ್ಡ ಏರು ಬರೆಯಬೇಡಿ, ಅದು ಯಾವ ಸಾಲಿನ ಮೇಲೆ ಬೀಳುತ್ತದೆ ಅಂತ ನಿಮಗೆ ಗೊತ್ತಿಲ್ಲ. ಏರು ಬೇಕಿದ್ದರೆ ಅದನ್ನು ಬೇರೆ ಫೈಲ್ ಮಾಡಿ, ಬೇಕಾದ ಸಾಲಿಗೇ ಶುರುವಾಗುವ ಹಾಗೆ ಬರೆಯುವವರಿಗೆ ಹೇಳಿ.

ಲೂಪ್ ತಿರುಗುವಾಗ ಕಟ್ ಆದ ಹಾಗೆ ಕೇಳ್ತದೆ

ಕಾರಣ ಎರಡು. ಒಂದು, ಎಂಪಿ3. ಆ ಫೈಲಿನ ಶುರುವಿಗೂ ಕೊನೆಗೂ ಸ್ವಲ್ಪ ಖಾಲಿ ಜಾಗ ಸೇರಿಕೊಳ್ಳುತ್ತದೆ. ಓಗ್ ಬಗೆಯ ಫೈಲ್ ಬಳಸಿ. ಗಾತ್ರದ ಚಿಂತೆಯೂ ಕಡಿಮೆ: ಮೂರು ನಿಮಿಷದ 16 ಬಿಟ್ ಸ್ಟೀರಿಯೋ ವೇವ್ ಫೈಲ್ ಸುಮಾರು 32 ಎಂಬಿ ಆದರೆ 160 ಕೆಬಿಪಿಎಸ್ ಓಗ್ ಸುಮಾರು 3.6 ಎಂಬಿ.

ಎರಡನೆಯದು ರಿವರ್ಬ್‌ನ, ಅಂದರೆ ಗುಂಯ್ ಅನ್ನುವ ಮಾರ್ದನಿಯ, ಬಾಲ. ಕೊನೆಯ ಸ್ವರದ ಗುಂಯ್ ಮುಗಿಯುವ ಮೊದಲೇ ಫೈಲ್ ಮೊದಲಿಗೆ ಹಾರುತ್ತದೆ. ಇದಕ್ಕೆ ಲೂಪಿನ ಭಾಗವನ್ನು ಎರಡು ಸಲ ಪಕ್ಕಪಕ್ಕ ಇಡಿ. 72ರ ವೇಗದಲ್ಲಿ ನಾಲ್ಕು ಬೀಟಿನ ಒಂದು ಬಾರ್‌ಗೆ 3.333 ಸೆಕೆಂಡ್. 4 ಬಾರ್ ಪೀಠಿಕೆ, 28 ಬಾರ್ ಲೂಪ್, ಮತ್ತೆ ಅದೇ 28 ಬಾರ್. ಬಾಲ ಬಿಡದೆ ಬಾರ್ ಮುಗಿಯುವಲ್ಲೇ ಸರಿಯಾಗಿ ಕತ್ತರಿಸಿ. ಲೂಪ್ ಮಾಡಬೇಕಾದ್ದು 32 ಬಾರ್ ಮುಗಿದಲ್ಲಿಂದ, ಅಂದರೆ 106.667ನೇ ಸೆಕೆಂಡಿನಿಂದ. ಅಲ್ಲಿ ಮೊದಲ ಸಲದ ಬಾಲ ಆಗಲೇ ಸೇರಿಕೊಂಡಿರುತ್ತದೆ, ಆದ್ದರಿಂದ ಬೆಸುಗೆ ಕಾಣುವುದಿಲ್ಲ. ಹೆಚ್ಚಿನವರು ಬಳಸುವ ಉಚಿತ ಎಂಜಿನ್ ರೆನ್‌ಪೈನಲ್ಲಿ ಫೈಲ್ ಹೆಸರು ಶುರುವಾಗುವ ಮೊದಲು ಚೂಪು ಆವರಣದಲ್ಲಿ loop ಅನ್ನುವ ಪದ ಮತ್ತು ಈ ಸೆಕೆಂಡ್ ಬರೆದರೆ, ಅಂದರೆ <loop 106.667> ಅಂತ ಹಾಕಿದರೆ, ಅಲ್ಲಿಂದಲೇ ತಿರುಗುತ್ತದೆ.

ಸದ್ದು ಎಷ್ಟಿರಬೇಕು?

ಯೂಟ್ಯೂಬ್ ಹಾಡಿನಷ್ಟು ಗಟ್ಟಿ ಬೇಡ. ನಾನು −20ರಿಂದ −18 ಎಲ್‌ಯುಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಒಳಗೆ ಇಡುತ್ತೇನೆ, ಅಳೆಯಲಿಕ್ಕೆ ಯೂಲೀನ್ ಮೀಟರ್ ಉಚಿತ ಸಿಗುತ್ತದೆ. ಎಲ್ಲ ಟ್ರ್ಯಾಕೂ ಒಂದೇ ಮಟ್ಟದಲ್ಲಿರುವುದು ಮುಖ್ಯ. ಪಾತ್ರಗಳಿಗೆ ದನಿ ಕೊಟ್ಟಿದ್ದರೆ ಸಂಗೀತದ 1ರಿಂದ 4 ಕಿಲೋಹರ್ಟ್ಸ್ ಭಾಗ ಸ್ವಲ್ಪ ತಗ್ಗಿಸಿ, ಮಾತು ಕೇಳಲಿ. ಕೊನೆಗೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿ ನೋಡಿ, ಹೆಚ್ಚಿನವರು ಕೇಳುವುದು ಅದರಲ್ಲೇ.

## ಸ್ವಲ್ಪ ಮುಂದೆ ಹೋದವರಿಗೆ

ಓದುವವರು ಆರಿಸಿದ ಪ್ರಕಾರ ಸಂಗೀತ ಬದಲಾಗಬೇಕು, ಆದ್ರೆ ಕಡಿದ ಹಾಗೆ ಆಗಬಾರದು

ಪದರ ಮಾಡಿ. ಒಂದೇ ವೇಗ, ಒಂದೇ ಶ್ರುತಿ, ಒಂದೇ ಉದ್ದದ ಎರಡು ಫೈಲ್: ಒಂದರಲ್ಲಿ ಪಿಯಾನೋ, ಇನ್ನೊಂದರಲ್ಲಿ ತಂತಿವಾದ್ಯಗಳು. ರೆನ್‌ಪೈನಲ್ಲಿ ಇನ್ನೊಂದು ಮ್ಯೂಸಿಕ್ ಚಾನಲ್ ರಿಜಿಸ್ಟರ್ ಮಾಡಿ ಎರಡನ್ನೂ ಒಟ್ಟಿಗೆ ಶುರು ಮಾಡಿ, ಎರಡನೆಯದರ ವಾಲ್ಯೂಮ್ ಸೊನ್ನೆ ಇಡಿ. ಹುಡುಗಿ ‘ಇರುತ್ತೇನೆ’ ಅಂದರೆ ನಾಲ್ಕು ಸೆಕೆಂಡಿನಲ್ಲಿ ಅದನ್ನು ಏರಿಸಿ. ‘ಹೋಗುತ್ತೇನೆ’ ಅಂದರೆ ಪಿಯಾನೋ ಒಂದೇ ಮುಂದುವರಿಯಲಿ. ಏನು ಬರಲಿಲ್ಲ ಅನ್ನುವುದು ಓದುವವನಿಗೆ ಎಲ್ಲೋ ತಟ್ಟುತ್ತದೆ.

ಗಮಕ ಸಾಫ್ಟ್‌ವೇರಿನಲ್ಲಿ ಬರುದೇ ಇಲ್ವಲ್ಲ?

ಪಿಚ್ ಬೆಂಡ್‌ನಿಂದ, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಸೌಲಭ್ಯದಿಂದ, ಸ್ವಲ್ಪ ಬರುತ್ತದೆ. ಸಾಮಾನ್ಯವಾಗಿ ಅದು ಎರಡು ಸೆಮಿಟೋನ್ ಮೇಲೆ, ಎರಡು ಕೆಳಗೆ ಅಂತ ಇರುತ್ತದೆ, ಉದ್ದಕ್ಕೆ ಜಾರಿಸಲಿಕ್ಕೆ ವಾದ್ಯದ ಸೆಟ್ಟಿಂಗ್‌ನಲ್ಲಿ 12 ಮಾಡಿಕೊಳ್ಳಿ. ಬೆಂಡ್‌ಗೆ 16,384 ಮೆಟ್ಟಿಲು ಇವೆ, ಆದ್ದರಿಂದ ನುಣುಪಾಗಿಯೇ ಜಾರುತ್ತದೆ. ಗೆರೆಯನ್ನು ಮೌಸ್‌ನಿಂದ ನೇರ ಎಳೆಯಬೇಡಿ. ಮೊದಲು ಬಾಯಲ್ಲಿ ಹಾಡಿ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತಾ ಗೆರೆ ಬಗ್ಗಿಸಿ. ಕಂಪನವಿಲ್ಲದ ವಯಲಿನ್ ಸ್ಯಾಂಪಲ್ ಆರಿಸಿ, ಇಲ್ಲದಿದ್ದರೆ ಅದರ ಕಂಪನ ಒಂದು ಕಡೆ, ನಿಮ್ಮ ಗಮಕ ಒಂದು ಕಡೆ.

ಆದರೂ ಹೇಳುತ್ತೇನೆ, ಮುಖ್ಯ ಟ್ಯೂನ್ ಇದ್ದರೆ ಮನುಷ್ಯರಿಂದಲೇ ಬಾರಿಸಿ. ನಮ್ಮ ಊರುಗಳಲ್ಲಿ ವಯಲಿನ್, ಕೊಳಲು ಕಲಿಯುವ ಮಕ್ಕಳು ಬೇಕಾದಷ್ಟು ಇದ್ದಾರೆ. ಎಂಟು ಬಾರ್ ಬಾರಿಸಿಕೊಟ್ಟರೆ ಇಡೀ ಟ್ರ್ಯಾಕಿಗೆ ಜೀವ ಬರುತ್ತದೆ. ಅವರಿಗೆ ಗೌರವಧನ ಕೊಡಿ, ಹೆಸರೂ ಹಾಕಿ.

ಮಳೆ, ಕಪ್ಪೆ, ರೈಲಿನ ಸದ್ದು ಎಲ್ಲಿಂದ ತರುವುದು?

ಮನೆಯಿಂದ. ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿ ಹತ್ತಿರ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ. ಹಂಚಿನ ಮೇಲಿನ ಮಳೆ ಬೇರೆ, ಶೀಟಿನ ಮೇಲಿನ ಮಳೆ ಬೇರೆ, ತೋಟದಲ್ಲಿ ಅಡಿಕೆ ಹಾಳೆ ಬೀಳುವ ಸದ್ದು ಬೇರೆ. ಸದ್ದು ತಿದ್ದುವ ಅಡಾಸಿಟಿ ಸಾಫ್ಟ್‌ವೇರಿನಲ್ಲಿ ಹಾಕಿ 80 ಹರ್ಟ್ಸ್‌ಗಿಂತ ಕೆಳಗಿನ ಗಡಗಡ ತೆಗೆಯಿರಿ, ಸಾಕು.

ಎಐಗೆ ಹೇಳಿದ್ರೆ ಅದೇ ಮಾಡಿಕೊಡ್ತದಲ್ಲ, ನಾವು ಯಾಕೆ ಕಷ್ಟಪಡಬೇಕು?

ಸದ್ದು ಮಾಡಿಕೊಡುತ್ತದೆ. ಆದರೆ ಆ ಅಜ್ಜಿ ಕತೆಯಲ್ಲಿ ‘ಸ’ ಸ್ವರವನ್ನು ಕೊನೆಯವರೆಗೆ ತಡೆದಿಡಬೇಕು ಅಂತ ತೀರ್ಮಾನ ಮಾಡುವುದು ಕತೆಯನ್ನು ಪ್ರೀತಿಸಿ ಓದಿದವನು. ಒಂದು ವೇಳೆ ಬಳಸಿದರೆ, ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಅದನ್ನು ಹೇಳಿಕೊಳ್ಳಬೇಕು, 2024ರಿಂದ ಆ ನಿಯಮ ಇದೆ.

ಗೆಳೆಯರ ಗೇಮಿಗೆ ಸುಮ್ನೆ ಮಾಡಿಕೊಟ್ಟೆ, ಹಕ್ಕು ಯಾರದ್ದು?

ಸಂಬಳಕ್ಕೆ ಕೆಲಸದಲ್ಲಿ ಇದ್ದು ಮಾಡಿದ್ದಲ್ಲ ಅಂದರೆ, ಮಾಡಿದವರದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾಯಿಸಬೇಕಾದರೆ ಬರಹದಲ್ಲೇ ಇರಬೇಕು, ಬಾಯಿಮಾತು ಸಾಲುವುದಿಲ್ಲ. ಆ ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತಲೂ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಅಂತಲೂ ಲೆಕ್ಕ. ಗೇಮ್ ಹೊರದೇಶದಲ್ಲೂ ಮಾರಾಟ ಆಗುವುದರಿಂದ ಇದು ಗೆಳೆಯರಿಗೂ ತೊಂದರೆಯೇ. ಒಂದು ಪುಟ ಸಾಕು: ಯಾವ ಟ್ರ್ಯಾಕ್, ಯಾವ ಗೇಮಿಗೆ, ಎಲ್ಲೆಲ್ಲಿ, ಎಷ್ಟು ವರ್ಷ, ದುಡ್ಡು ಎಷ್ಟು, ಹಾಡುಗಳನ್ನು ಬೇರೆಯಾಗಿ ಹಾಕುವ ಹಕ್ಕು ಯಾರಿಗೆ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಳಸಿದ ಸ್ಯಾಂಪಲ್‌ಗಳ ಲೈಸೆನ್ಸನ್ನೂ ಅದರ ಜೊತೆಗೇ ಉಳಿಸಿಡಿ, ಯಾವುದಕ್ಕೆ ಹೆಸರು ಹಾಕಬೇಕು ಅನ್ನುವುದು ಕ್ರೆಡಿಟ್ಸ್ ಬರೆಯುವ ದಿನ ಹುಡುಕಿದರೆ ಸಿಗುವುದಿಲ್ಲ.